ಹದಿಮೂರನೇ ಸುತ್ತು

1967ರಲ್ಲಿ ಜ್ಯಾಕ್ ಡೆಂಪ್ಸಿ ರಾಕಿ ಮಾರ್ಸಿಯಾನೊನ ಕೈಯಲ್ಲಿ ಹದಿಮೂರನೇ ಸುತ್ತಿಗೆ ನಾಕೌಟ್ ಆದ. ಡೆಂಪ್ಸಿಗೆ ಆಗ 72 ವರ್ಷ. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಅವನದೊಂದು ರೆಸ್ಟೋರೆಂಟ್ ಇತ್ತು. ಬಂದ ಗಿರಾಕಿಗಳನ್ನು ಮಾತಾಡಿಸಿಕೊಂಡು ಇದ್ದ. ಮಾರ್ಸಿಯಾನೊ ರಿಂಗ್ ಬಿಟ್ಟು ಹನ್ನೊಂದು ವರ್ಷವಾಗಿತ್ತು. ಇಬ್ಬರೂ ಎಂದೂ ಎದುರುಬದುರು ನಿಂತವರಲ್ಲ. ಡೆಂಪ್ಸಿ ತನ್ನ ಕೊನೆಯ ಪಟ್ಟದ ಕಾಳಗ ಆಡುವಾಗ ಮಾರ್ಸಿಯಾನೊ ನಾಲ್ಕು ವರ್ಷದ ಮಗು. ಕಾಳಗ ನಡೆದದ್ದು ಕಂಪ್ಯೂಟರಿನೊಳಗೆ. ಅಮೆರಿಕದ ಜನ ಅದನ್ನು ಕೇಳಿದ್ದು ರೇಡಿಯೊದಲ್ಲಿ.

ಮಯಾಮಿಯ ರೇಡಿಯೊ ನಿರ್ಮಾಪಕ ಮರ್ರಿ ವೊರೋನರ್ ಹೂಡಿದ ಟೂರ್ನಿ ಅದು. ಜಾನ್ ಎಲ್. ಸಲಿವನ್‌ನಿಂದ ಹಿಡಿದು ಮುಹಮ್ಮದ್ ಅಲಿವರೆಗೆ ಹದಿನಾರು ಹೆವಿವೇಟ್ ಚಾಂಪಿಯನ್ನರು. ಎಲ್ಲರೂ ತಂತಮ್ಮ ಹರೆಯದಲ್ಲಿದ್ದಂತೆ, ಒಬ್ಬರಿಗೊಬ್ಬರು ಎದುರು. ವೊರೋನರ್ 250 ಮಂದಿ ಬಾಕ್ಸಿಂಗ್ ಬರಹಗಾರರಿಗೂ ಬಲ್ಲವರಿಗೂ ಪ್ರಶ್ನಾವಳಿ ಕಳಿಸಿದ. ಯಾರ ಕೈ ಎಷ್ಟು ಚುರುಕು, ಯಾರು ಎಷ್ಟು ಏಟು ತಾಳುತ್ತಾರೆ, ಯಾರ ಧೈರ್ಯ ಎಷ್ಟು ಗಟ್ಟಿ ಎಂಬುದೆಲ್ಲ ಅಂಕಿಗಳಾಗಿ ಎನ್‌ಸಿಆರ್ 315 ಎಂಬ ಯಂತ್ರದ ಹೊಟ್ಟೆಗೆ ಹೋಯಿತು. ಇವತ್ತು ನಮ್ಮ ಮೊಬೈಲಿನಲ್ಲಿರುವ ಒಂದೇ ಒಂದು ಫೋಟೊ ಕೂಡ ಹಿಡಿಸದಷ್ಟು ಪುಟ್ಟ ಮೆಮೊರಿ ಅದರದು. ಯಂತ್ರ ಹೊರಹಾಕಿದ ಏಟಿನ ಲೆಕ್ಕವನ್ನು ಮುಂದಿಟ್ಟುಕೊಂಡು, ಹಿಂದೆ ಜನರ ಗದ್ದಲ ಹಾಕಿ, ನೇರ ಪ್ರಸಾರದ ಹಾಗೆಯೇ ಕಾಮೆಂಟರಿ ಕೊಟ್ಟರು. ಕೇಳಿದವರು ನಂಬಿದರು ಅಂತಲ್ಲ. ನಂಬಬೇಕು ಅನ್ನಿಸುವ ಹಾಗಿತ್ತು.

ನಾನು ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯ ಕಾಲೊನಿಯಲ್ಲಿ. ಗಣಿಯಲ್ಲಿ ಬ್ರಿಟಿಷರು, ಆಂಗ್ಲೋ ಇಂಡಿಯನ್ನರು ಇದ್ದ ಕಾರಣ ಕ್ರಿಕೆಟ್ಟು ಹಾಕಿಗಳ ಜೊತೆಗೆ ಬಾಕ್ಸಿಂಗ್ ಗ್ಲೌಸಿನ ವಾಸನೆಯೂ ನಮಗೆ ಪರಿಚಿತ. ಟೀ ಅಂಗಡಿಯ ಬೆಂಚಿನ ಮೇಲೆ ರಾತ್ರಿಪಾಳಿ ಮುಗಿಸಿ ಬಂದ ಹಿರಿಯರು ಜೋ ಲೂಯಿಸ್ ಗೆಲ್ಲುತ್ತಾನೋ ಅಲಿ ಗೆಲ್ಲುತ್ತಾನೋ ಎಂದು ಕಿತ್ತಾಡುತ್ತಿದ್ದರು. ಒಬ್ಬ ಲೂಯಿಸ್‌ನ ಎಡಗೈ ಜ್ಯಾಬ್ ಹೀಗೆ ಬರುತ್ತಿತ್ತು ಎಂದು ತೋರಿಸಹೋಗಿ ಲೋಟ ಬೀಳಿಸುತ್ತಿದ್ದ. ಇನ್ನೊಬ್ಬ ಎದ್ದು ನಿಂತು, ಅಲಿ ಸೊಂಟದಿಂದ ಮೇಲಷ್ಟೇ ಹಿಂದಕ್ಕೆ ವಾಲುವ ವರಸೆಯನ್ನು ಮಾಡಿ ತೋರಿಸುತ್ತಿದ್ದ. ಇಬ್ಬರೂ ಇಬ್ಬರನ್ನೂ ಕಣ್ಣಾರೆ ಕಂಡವರಲ್ಲ. ಆದರೂ ಅವರ ಮಾತಿನಲ್ಲಿ ಒಂದು ನ್ಯಾಯವಿತ್ತು: ಯಾವ ಲೂಯಿಸ್, ಯಾವ ವರ್ಷದ ಅಲಿ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳದೆ ಮುಂದೆ ಹೋಗುತ್ತಿರಲಿಲ್ಲ. ಆಮೇಲೆ ನಾನು ಅಮೆಚೂರ್ ಪಂದ್ಯಗಳಲ್ಲಿ ಜಡ್ಜ್ ಆಗಿ ರಿಂಗಿನ ಪಕ್ಕದ ಕುರ್ಚಿಗೆ ಬಂದೆ. ಈಗಲೂ ಕೂರುತ್ತೇನೆ. ಹಳೆಯ ಚಾಂಪಿಯನ್ನರನ್ನು ಕಾಲ ದಾಟಿಸಿ ಕಾದಾಡಿಸುವ ಈ ಆಟ ಅಂದಿನಿಂದಲೂ ನನ್ನನ್ನು ಬಿಟ್ಟಿಲ್ಲ. ಇದು ಹರಟೆಯಷ್ಟೇ ಅಲ್ಲ, ಇದಕ್ಕೊಂದು ಇತಿಹಾಸವಿದೆ, ಆ ಇತಿಹಾಸದ ತಳದಲ್ಲಿ ಒಂದು ಅನ್ಯಾಯವೂ ಇದೆ.

ವೊರೋನರ್‌ನ ರೇಡಿಯೊ ಟೂರ್ನಿಯಲ್ಲಿ ಅಲಿ ಕ್ವಾರ್ಟರ್ ಫೈನಲಿನಲ್ಲೇ ಜಿಮ್ ಜೆಫ್ರೀಸ್‌ಗೆ ಸೋತ. ಅದೇ ವರ್ಷ ಏಪ್ರಿಲ್ 28ರಂದು ಹ್ಯೂಸ್ಟನ್‌ನಲ್ಲಿ ಅವನು ಸೈನ್ಯಕ್ಕೆ ಸೇರಲು ನಿರಾಕರಿಸಿದ್ದ. ಪಟ್ಟ ಹೋಯಿತು, ಲೈಸೆನ್ಸ್ ಹೋಯಿತು, ಪಾಸ್‌ಪೋರ್ಟ್ ಹೋಯಿತು. ಜೂನ್‌ನಲ್ಲಿ ಐದು ವರ್ಷದ ಜೈಲು, 10,000 ಡಾಲರ್ ದಂಡ ಎಂದು ತೀರ್ಪಾಯಿತು. ಮೇಲ್ಮನವಿಯ ಮೇಲೆ ಹೊರಗಿದ್ದ. ಅಂಥ ಹೊತ್ತಿನಲ್ಲಿ, ತಾನು ಆಡದ ಕಾಳಗದಲ್ಲಿ ತನ್ನನ್ನು ಸೋಲಿಸಿದ್ದಾರೆ ಎಂದು ಅಲಿ ಹತ್ತು ಲಕ್ಷ ಡಾಲರಿನ ಮಾನನಷ್ಟ ದಾವೆ ಹೂಡಿದ. ಜೆಫ್ರೀಸ್‌ನಂಥ ನಿಧಾನ ಕಾಲಿನವನಿಗೆ ತಾನು ಸೋಲುವುದೆಂದರೇನು ಎಂಬುದು ಅವನ ಸಿಟ್ಟು. ಅದು ಬರೀ ಹಮ್ಮು ಅಂತ ನನಗೆ ಅನ್ನಿಸುವುದಿಲ್ಲ. ನಿಜವಾದ ಸೋಲು ಒಂದೂ ಇಲ್ಲದ ದಾಖಲೆ ಅವನದು. ಉಳಿದಿದ್ದ ಆಸ್ತಿ ಅದೊಂದೇ.

ವೊರೋನರ್ ರಾಜಿ ಮಾಡಿಕೊಂಡ. ಸುಮಾರು 10,000 ಡಾಲರ್, ಜೊತೆಗೆ ಲಾಭದಲ್ಲಿ ಪಾಲು. ಬದಲಿಗೆ ಅಲಿ ಕ್ಯಾಮೆರಾದ ಮುಂದೆ ಮಾರ್ಸಿಯಾನೊನ ಜೊತೆ ಕಾದಾಡಬೇಕು. ಅಮೆರಿಕದಲ್ಲಿ ಆಗ ಅಲಿಯನ್ನು ಒಳಗೆ ಬಿಡುತ್ತಿದ್ದ ರಿಂಗ್ ಅದೊಂದೇ.

1969ರ ಬೇಸಿಗೆಯಲ್ಲಿ ಮಯಾಮಿಯ ಮುಚ್ಚಿದ ಸ್ಟುಡಿಯೊದಲ್ಲಿ ಚಿತ್ರೀಕರಣ. ಮಾರ್ಸಿಯಾನೊಗೆ 45, ಅಲಿಗೆ 27. ಮಾರ್ಸಿಯಾನೊ ಈ ಚಿತ್ರಕ್ಕಾಗಿಯೇ 20 ಕಿಲೊಗೂ ಹೆಚ್ಚು ತೂಕ ಇಳಿಸಿ, ತಲೆಗೆ ವಿಗ್ ಅಂಟಿಸಿಕೊಂಡು ಬಂದಿದ್ದ. ಒಂದೊಂದು ನಿಮಿಷದ ಎಪ್ಪತ್ತಕ್ಕೂ ಹೆಚ್ಚು ತುಣುಕುಗಳನ್ನು ತೆಗೆದರು. ತಲೆಗೆ ಬೀಳುವ ಏಟನ್ನು ತಡೆದು ಹೊಡೆಯುವುದು, ಹೊಟ್ಟೆಗೆ ಪರವಾಗಿಲ್ಲ ಎಂಬ ಹೊಂದಾಣಿಕೆ. ನಡುವೆ ಒಮ್ಮೆ ಅಲಿಯ ಜ್ಯಾಬಿಗೆ ವಿಗ್ ಹಾರಿಹೋಗಿ ಕ್ಯಾಮೆರಾ ನಿಲ್ಲಿಸಬೇಕಾಯಿತು. ಕೊನೆಯನ್ನು ಹಲವು ಬಗೆಯಲ್ಲಿ ತೆಗೆದರು. ಯಾವುದು ನಿಜವಾಗುತ್ತದೆ ಎಂದು ಇಬ್ಬರಿಗೂ ಹೇಳಲಿಲ್ಲ.

ಆ ಚಿತ್ರವನ್ನು ನಾನು ಸದ್ದು ಆರಿಸಿ, ಅಂಕದ ಹಾಳೆ ಇಟ್ಟುಕೊಂಡು ನೋಡುತ್ತೇನೆ. ಕಾಮೆಂಟರಿ ನಿಂತರೆ ಕಣ್ಣಿಗೆ ಬೇರೆಯದೇ ಕಾಣುತ್ತದೆ. ಅಲಿಯ ಸೊಂಟದ ಸುತ್ತ ಎರಡು ವರ್ಷ ರಿಂಗಿಲ್ಲದ ಮೆತ್ತಗಿನ ಮಾಂಸ. ಕಾಲು ಮಾತ್ರ ಇನ್ನೂ ಹಾಗೆಯೇ ಹಗುರ. ಮಾರ್ಸಿಯಾನೊ ಬಗ್ಗಿ, ಗಲ್ಲವನ್ನು ಎದೆಗೆ ಒತ್ತಿ, ಎದುರಾಳಿಯ ತೋಳು ಹೆಗಲು ಎಲ್ಲಿ ಸಿಕ್ಕಿದರೆ ಅಲ್ಲಿ ಗುದ್ದುತ್ತ ನುಗ್ಗುತ್ತಾನೆ. ಅದು ನಟನೆಯಲ್ಲ, ಅವನ ಅಭ್ಯಾಸವೇ ಹಾಗೆ. ಕೆಲವು ತುಣುಕುಗಳಲ್ಲಿ ಇಬ್ಬರೂ ನಾಟಕ ಮರೆತ ಹಾಗೆ ಕಾಣುತ್ತದೆ: ಹೊಟ್ಟೆಗೊಂದು ಗುದ್ದು ನಿಜವಾಗಿ ಬೀಳುತ್ತದೆ, ಅಲಿಯ ಮೊಳಕೈ ತಾನಾಗಿ ಕೆಳಗಿಳಿಯುತ್ತದೆ, ಮುಂದಿನ ಜ್ಯಾಬ್ ಬೇಕಾದ್ದಕ್ಕಿಂತ ಒಂದಿಷ್ಟು ಗಡುಸಾಗಿ ಬರುತ್ತದೆ. ಅಂಥ ನಿಮಿಷಗಳಿಗೆ ನಾನು ಅಂಕ ಹಾಕುತ್ತೇನೆ. ಉಳಿದವಕ್ಕೆ ಹಾಕುವುದಿಲ್ಲ.

ಚಿತ್ರೀಕರಣ ಮುಗಿದು ಮೂರು ವಾರಕ್ಕೆ, 1969ರ ಆಗಸ್ಟ್ 31ರಂದು, ಅಯೋವಾದ ನ್ಯೂಟನ್ ಊರಿನ ಬಳಿ ಸಣ್ಣ ವಿಮಾನ ಬಿದ್ದು ಮಾರ್ಸಿಯಾನೊ ತೀರಿಕೊಂಡ. ಮಾರನೆಯ ದಿನ ಅವನ 46ನೇ ಹುಟ್ಟುಹಬ್ಬವಿತ್ತು. ತಾನು ಗೆದ್ದನೋ ಸೋತನೋ ಅವನಿಗೆ ಗೊತ್ತಾಗಲೇ ಇಲ್ಲ. 1970ರ ಜನವರಿ 20ರಂದು ಸುಮಾರು 1,500 ಚಿತ್ರಮಂದಿರಗಳಲ್ಲಿ ಒಂದೇ ರಾತ್ರಿ ತೋರಿಸಿದಾಗ ಅಮೆರಿಕದ ಜನ ಕಂಡದ್ದು, ಅಲಿ ಹದಿಮೂರನೇ ಸುತ್ತಿನಲ್ಲಿ ನೆಲಕ್ಕೆ ಬಿದ್ದದ್ದನ್ನು. ಯುರೋಪಿನಲ್ಲಿ ಅಲಿ ಗೆದ್ದ ಕೊನೆಯನ್ನೂ ತೋರಿಸಿದರು. ಮಾರ್ಸಿಯಾನೊನ ಮುಖದ ಗಾಯಗಳಿಂದ ಪಂದ್ಯ ನಿಲ್ಲುವ ಕೊನೆ. ಒಂದೇ ಕಂಪ್ಯೂಟರಿಗೆ ಎರಡು ಖಂಡಗಳಲ್ಲಿ ಎರಡು ಉತ್ತರ. ಆ ಕಂಪ್ಯೂಟರನ್ನು ಅಲಬಾಮಾದಲ್ಲಿ ತಯಾರಿಸಿದ್ದು ಅಂತ ಅಲಿ ಆಮೇಲೆ ಹೇಳಿದ ಮಾತು ಪ್ರಸಿದ್ಧ. ಬಸ್ಸಿನ ಸೀಟಿಗಾಗಿ ಕಪ್ಪು ಜನ ಹೋರಾಡಬೇಕಾದ ರಾಜ್ಯ ಅದು, ವಿವರಣೆ ಬೇಕಿರಲಿಲ್ಲ.

ಡೆಂಪ್ಸಿಗೂ ಹದಿಮೂರನೇ ಸುತ್ತು, ಅಲಿಗೂ ಹದಿಮೂರನೇ ಸುತ್ತು. ಅದೇ ಯಾಕೆ? ಆ ಸುತ್ತು ನಿಜವಾಗಿ ಒಮ್ಮೆ ನಡೆದಿತ್ತು. 1952ರ ಸೆಪ್ಟೆಂಬರ್ 23, ಫಿಲಡೆಲ್ಫಿಯಾ. ಚಾಂಪಿಯನ್ ಜರ್ಸಿ ಜೋ ವಾಲ್ಕಾಟ್‌ಗೆ ಆಗ 38. ಮೊದಲ ಸುತ್ತಿನಲ್ಲೇ ಅವನ ಎಡ ಹುಕ್ಕಿಗೆ ಮಾರ್ಸಿಯಾನೊ ಕೆಳಗೆ ಬಿದ್ದ. ವೃತ್ತಿಯಲ್ಲಿ ಅವನು ಬಿದ್ದದ್ದು ಅದೇ ಮೊದಲು. ಹನ್ನೆರಡು ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಹಾಳೆಯಲ್ಲೂ ವಾಲ್ಕಾಟ್ ಮುಂದಿದ್ದ. ನಾನು ಆ ಪಂದ್ಯಕ್ಕೆ ಕೂತಿದ್ದರೂ ಹಾಗೆಯೇ ಬರೆಯುತ್ತಿದ್ದೆ. ಹದಿಮೂರರ ಆರಂಭದಲ್ಲಿ ವಾಲ್ಕಾಟ್ ಹಗ್ಗದ ಕಡೆ ಹಿಂದೆ ಸರಿಯುತ್ತ ಬಲಗೈ ಎತ್ತಿದ. ಅದು ಹೊರಡುವ ಮೊದಲೇ ಮಾರ್ಸಿಯಾನೊನ ಬಲಗೈ ಒಂದು ಗೇಣಿನಷ್ಟು ದೂರದಿಂದ ದವಡೆಗೆ ಬಿತ್ತು. ವಾಲ್ಕಾಟ್‌ನ ಎಡತೋಳು ಹಗ್ಗಕ್ಕೆ ಸಿಕ್ಕಿಕೊಂಡಿತು. ಒಂದು ಕ್ಷಣ ಆ ತೋಳಿನಲ್ಲೇ ನೇತಾಡಿ, ಮೊಣಕಾಲಿನ ಮೇಲೆ ಕುಸಿದು, ಹಣೆ ನೆಲಕ್ಕೆ ಮುಟ್ಟಿತು. ಎಣಿಸುವುದು ಬರೀ ಶಾಸ್ತ್ರಕ್ಕೆ. ಬಾಕ್ಸಿಂಗ್ ಬಲ್ಲ ಅಮೆರಿಕನ್ನರ ಮನಸ್ಸಿನಲ್ಲಿ ಮಾರ್ಸಿಯಾನೊ ಎಂದರೆ ಆ ಏಟು. 250 ಜನರ ನೆನಪಿನಿಂದ ಅಂಕಿ ಎತ್ತಿಕೊಂಡ ಯಂತ್ರ ಅವರ ನೆನಪನ್ನೇ ಅವರಿಗೆ ವಾಪಸ್ ಕೊಟ್ಟಿತು ಎಂಬುದು ನನ್ನ ತಿಳಿವಳಿಕೆ. ಸಾಬೀತು ಮಾಡಲಾರೆ. ಆದರೆ ನೆನಪಿಲ್ಲದ ಯಂತ್ರ ಆಕಸ್ಮಿಕವಾಗಿ ಎರಡು ಸಲ ಅದೇ ಸುತ್ತಿಗೆ ಹೋಗಿ ನಿಂತಿತು ಎಂದು ನಂಬುವುದು ನನಗೆ ಕಷ್ಟ.

ಯಂತ್ರ ಬರುವ ಮೊದಲು ಈ ಕೆಲಸ ಮಾಡುತ್ತಿದ್ದದ್ದು ನ್ಯಾಟ್ ಫ್ಲೈಷರ್. 1922ರಲ್ಲಿ 'ದಿ ರಿಂಗ್' ಪತ್ರಿಕೆ ಶುರುಮಾಡಿ ಅರ್ಧ ಶತಮಾನ ನಡೆಸಿದವನು. ಸಾರ್ವಕಾಲಿಕ ಹೆವಿವೇಟ್‌ಗಳ ಅವನ ಪಟ್ಟಿಯಲ್ಲಿ ಮೊದಲನೆಯವನು ಜ್ಯಾಕ್ ಜಾನ್ಸನ್, ಎರಡನೆಯವನು ಜೆಫ್ರೀಸ್, ಮಾರ್ಸಿಯಾನೊ ಹತ್ತನೆಯವನು. ಕಂಪ್ಯೂಟರ್ ಮೊದಲಿಗನೆಂದು ಕಿರೀಟ ತೊಡಿಸಿದ್ದು ಆ ಹತ್ತನೆಯವನಿಗೆ. ಫ್ಲೈಷರ್ ಜಾನ್ಸನ್‌ನನ್ನೂ ನೋಡಿದ್ದ, ಅಲಿಯನ್ನೂ ನೋಡಿದ್ದ. ತನ್ನ ಹುಡುಗುತನದ ವೀರರ ಕಡೆ ಅವನ ಮನಸ್ಸು ವಾಲುತ್ತಿತ್ತು, ನಿಜ. ಆದರೂ ಒಂದು ಪತ್ರಿಕೆಯ ಕೋಣೆಯಲ್ಲಿ ಕೂತ ಮನುಷ್ಯನ ವಾಲಿಕೆ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಎದುರು ವಾದ ಹೂಡಬಹುದು. ಯಂತ್ರದೊಳಗೆ ಹೋದ ವಾಲಿಕೆ ಅಂಕಿಯ ವೇಷದಲ್ಲಿ ಹೊರಬರುತ್ತದೆ.

ಜಡ್ಜ್ ಆದವನಿಗೆ ಇನ್ನೊಂದು ತಕರಾರು ಮೊದಲಿಗೇ ಏಳಬೇಕು. ಯಾರು ಗೆಲ್ಲುತ್ತಾರೆ ಅನ್ನುವ ಮುಂಚೆ, ಯಾವ ನಿಯಮ? 1919ರ ಜುಲೈ 4ರಂದು ಟೊಲಿಡೊದಲ್ಲಿ ಡೆಂಪ್ಸಿ 111 ಕಿಲೊ ತೂಗುವ ಜೆಸ್ ವಿಲಾರ್ಡ್‌ನನ್ನು ಮೊದಲ ಸುತ್ತಿನಲ್ಲೇ ಏಳು ಸಲ ಬೀಳಿಸಿದ. ಡೆಂಪ್ಸಿಯ ತೂಕ 85 ಕಿಲೊ. ಆ ಚಿತ್ರದಲ್ಲಿ ಗಮನಿಸಬೇಕಾದದ್ದು ಏಟನ್ನಲ್ಲ, ಏಟಿನ ನಂತರ ಡೆಂಪ್ಸಿ ನಿಂತ ಜಾಗವನ್ನು. ಬಿದ್ದವನ ಪಕ್ಕದಲ್ಲೇ, ಕೈ ಎತ್ತಿಕೊಂಡು. ವಿಲಾರ್ಡ್‌ನ ಮೊಣಕಾಲು ನೆಲ ಬಿಟ್ಟಿತೋ ಇಲ್ಲವೋ, ಮುಂದಿನ ಗುದ್ದು. ಆಗ ಅದು ತಪ್ಪಲ್ಲ. ಎಂಟು ವರ್ಷದ ಮೇಲೆ, 1927ರ ಸೆಪ್ಟೆಂಬರ್ 22ರಂದು ಷಿಕಾಗೊದಲ್ಲಿ ಜೀನ್ ಟನಿಯನ್ನು ಬೀಳಿಸಿದಾಗ ನಿಯಮ ಬದಲಾಗಿತ್ತು: ಬೀಳಿಸಿದವನು ದೂರದ ಮೂಲೆಗೆ ಹೋಗಬೇಕು, ಅಲ್ಲಿಯವರೆಗೆ ಎಣಿಕೆಯಿಲ್ಲ. ಡೆಂಪ್ಸಿಯ ಕಾಲು ಹಳೆಯ ಅಭ್ಯಾಸದಂತೆ ಅಲ್ಲೇ ನಿಂತಿತು. ರೆಫರಿ ಅವನನ್ನು ಅಟ್ಟುವಷ್ಟರಲ್ಲಿ ನಾಲ್ಕೈದು ಸೆಕೆಂಡ್ ಹೋಯಿತು, ಟನಿ ಎದ್ದ, ಪಂದ್ಯ ಗೆದ್ದ. ಅಂದಮೇಲೆ ಡೆಂಪ್ಸಿಯನ್ನು ಅಲಿಯ ಮುಂದೆ ನಿಲ್ಲಿಸುವಾಗ ಟೊಲಿಡೊದ ನಿಯಮವೋ ಷಿಕಾಗೊದ ನಿಯಮವೋ? ಮೊದಲನೆಯದಾದರೆ ಅಲಿ ಒಮ್ಮೆ ಬಿದ್ದರೂ ಅವನ ಕಥೆ ಮುಗಿಯಿತು. ಎರಡನೆಯದಾದರೆ ಅಲಿ ಎದ್ದು, ಒಂದು ಸುತ್ತು ತೂಗಿಸಿ, ಹತ್ತರ ಹೊತ್ತಿಗೆ ಡೆಂಪ್ಸಿಯ ಕಣ್ಣು ಮುಚ್ಚಿಸಿರುತ್ತಾನೆ.

ಸುತ್ತುಗಳ ಲೆಕ್ಕವೂ ಹಾಗೆಯೇ. ಸಲಿವನ್ 1889ರಲ್ಲಿ ಮಿಸಿಸಿಪ್ಪಿಯ ರಿಚ್‌ಬರ್ಗ್‌ನಲ್ಲಿ ಜೇಕ್ ಕಿಲ್ರೇನ್ ಜೊತೆ ಬರಿಗೈಯಲ್ಲಿ 75 ಸುತ್ತು ಆಡಿದ. ಆಗಿನ ನಿಯಮದಲ್ಲಿ ಯಾರಾದರೂ ಬಿದ್ದರೆ ಒಂದು ಸುತ್ತು ಮುಗಿದಂತೆ. ಜಾನ್ಸನ್ 1915ರಲ್ಲಿ ಹವಾನಾದ ಬಿಸಿಲಿನಲ್ಲಿ ಪಟ್ಟ ಕಳಕೊಂಡದ್ದು 26ನೇ ಸುತ್ತಿನಲ್ಲಿ, ನಿಗದಿಯಾಗಿದ್ದದ್ದು 45. ನಲವತ್ತೈದು ಸುತ್ತು ಬಾಳಬೇಕಾದವನು ಮೊದಲ ಸುತ್ತಿನಲ್ಲಿ ಉಸಿರು ಚೆಲ್ಲುವುದಿಲ್ಲ. ಅಪ್ಪಿ ಹಿಡಿಯುತ್ತಾನೆ, ಎದುರಾಳಿಯ ಏಟನ್ನು ಅಂಗೈಯಲ್ಲಿ ಹಿಡಿದು ಸುಮ್ಮನಾಗುತ್ತಾನೆ, ಕಾಯುತ್ತಾನೆ. ಜಾನ್ಸನ್‌ನ ಹಳೆಯ ಚಿತ್ರ ನೋಡಿದ ಇಂದಿನ ಹುಡುಗರು, ಇದೇನು ಸಾರ್, ಇವರು ಹೊಡೆಯುವುದೇ ಇಲ್ಲವಲ್ಲ ಅನ್ನುತ್ತಾರೆ. ಹನ್ನೆರಡು ಸುತ್ತಿನ ಇಂದಿನ ಆಟದಲ್ಲಿ ಅವನೂ ಹೊಡೆಯುತ್ತಿದ್ದ. ಇನ್ನು ಆ ಚಿತ್ರಗಳನ್ನು ಕೈಯಲ್ಲಿ ತಿರುಗಿಸಿ ತೆಗೆದದ್ದು. ಆಮೇಲಿನ ಪ್ರೊಜೆಕ್ಟರಿನ ವೇಗದಲ್ಲಿ ಓಡಿಸಿದರೆ ಮನುಷ್ಯರು ಪುಟಿಯುವ ಗೊಂಬೆಗಳಾಗುತ್ತಾರೆ. ಸರಿಯಾದ ವೇಗಕ್ಕೆ ತಂದು ನೋಡಿದಾಗ ಜಾನ್ಸನ್ ಎಷ್ಟು ನಿರಾಳವಾಗಿ ನಿಲ್ಲುತ್ತಾನೆ ಎಂದು ತಿಳಿದು ಮೈ ಜುಮ್ಮೆನ್ನುತ್ತದೆ. ತೂಕದ ಮಾತು ಬೇರೆಯೇ ಇದೆ. ಮಾರ್ಸಿಯಾನೊ ಕಾದಾಡಿದ 85 ಕಿಲೊಗೆ ಇಂದು ಅವನನ್ನು ಹೆವಿವೇಟ್ ಅನ್ನುವುದೇ ಇಲ್ಲ, 90.7 ಕಿಲೊವರೆಗಿನವರದು ಕ್ರೂಸರ್‌ವೇಟ್ ಪಂಗಡ.

ಹಾಗಾದರೆ ಬೇರೆ ಬೇರೆ ಕಾಲದವರು ನಿಜವಾಗಿ ಎದುರಾದದ್ದೇ ಇಲ್ಲವೇ? ಆಗಿದ್ದಾರೆ. ಪ್ರತಿ ಸಲವೂ ನೋಡಲಾಗದಂತೆ ಆಗಿದ್ದಾರೆ.

1951ರ ಅಕ್ಟೋಬರ್ 26ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಾರ್ಸಿಯಾನೊ ಎದುರು ನಿಂತವನು ಜೋ ಲೂಯಿಸ್. 37 ವರ್ಷ, ತಲೆಯಲ್ಲಿ ಕೂದಲು ವಿರಳ, ತೆರಿಗೆ ಇಲಾಖೆಯ ಸಾಲ ತೀರಿಸಲು ರಿಂಗಿಗೆ ವಾಪಸಾದವನು. ಎಂಟನೇ ಸುತ್ತಿನಲ್ಲಿ ಮಾರ್ಸಿಯಾನೊ ಅವನನ್ನು ಹಗ್ಗದ ಆಚೆಗೆ ಬೀಳಿಸಿದ. ಆಮೇಲೆ ಲೂಯಿಸ್‌ನ ಕೋಣೆಗೆ ಹೋಗಿ ಅತ್ತ. ಬಾಲ್ಯದಿಂದ ಆರಾಧಿಸಿದವನನ್ನು ಹೊಡೆದಿದ್ದ. 1980ರ ಅಕ್ಟೋಬರ್ 2ರಂದು ಲಾಸ್ ವೇಗಸ್‌ನಲ್ಲಿ ಲ್ಯಾರಿ ಹೋಮ್ಸ್ 38 ವರ್ಷದ ಅಲಿಯನ್ನು ಹತ್ತು ಸುತ್ತು ಹೊಡೆದ. ಹೊಡೆಯುತ್ತಲೇ ನಿಲ್ಲಿಸಿ ಎಂದು ರೆಫರಿಯ ಕಡೆ ನೋಡಿದ. ಅವನೂ ಹಿಂದೆ ಅಲಿಯ ಸ್ಪಾರಿಂಗ್ ಜೊತೆಗಾರ, ಅವನೂ ಅತ್ತ. ಕಾಲ ದಾಟಿದ ಜೋಡಿ ನಿಜವಾಗಿ ಸೇರುವುದು ಒಬ್ಬ ಮುದಿಯಾದಾಗ ಮಾತ್ರ. ಅದಕ್ಕೇ ಜನ ಕಲ್ಪಿಸಿಕೊಳ್ಳುತ್ತಾರೆ. ಲೂಯಿಸ್‌ಗೆ ಅವನ 1938 ವಾಪಸ್ ಕೊಡಬೇಕು, ಅಲಿಗೆ ಅವನ 1966 ವಾಪಸ್ ಕೊಡಬೇಕು ಎಂಬುದು ಟೀ ಅಂಗಡಿಯ ಹಿರಿಯರ ಆಸೆಯೂ ಆಗಿತ್ತು. ಅದು ಪ್ರೀತಿ. ನಾನು ಅದನ್ನು ಗೌರವಿಸುತ್ತೇನೆ.

ಇವೆಲ್ಲಕ್ಕೂ ಮುಂಚಿನದು ರೀನೊ ಊರಿನ ಕಾಳಗ. ಜಾನ್ಸನ್ 1908ರಲ್ಲಿ ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಸೋಲಿಸಿ ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ ಆದಾಗ, ಅಜೇಯನಾಗಿ ನಿವೃತ್ತನಾಗಿದ್ದ ಬಿಳಿಯ ಜೆಫ್ರೀಸ್ ಕ್ಯಾಲಿಫೋರ್ನಿಯಾದ ತನ್ನ ಹೊಲದಲ್ಲಿದ್ದ. ಹೊಲ ಬಿಟ್ಟು ಬಂದು ಜಾನ್ಸನ್‌ನ ಮುಖದ ನಗುವನ್ನು ಅಳಿಸು ಎಂದು ಕರೆ ಕೊಟ್ಟವನು ಕಾದಂಬರಿಕಾರ ಜ್ಯಾಕ್ ಲಂಡನ್. ಕರೆದವರು ಅವನೊಬ್ಬನೇ ಅಲ್ಲ. ಜೆಫ್ರೀಸ್ 45 ಕಿಲೊಗೂ ಹೆಚ್ಚು ಇಳಿಸಿ ಬಂದ. 1910ರ ಜುಲೈ 4, ಉರಿಬಿಸಿಲು, ಸುಮಾರು 20,000 ಜನ. ಜಾನ್ಸನ್ ಮಾತಾಡುತ್ತ, ಮೂಲೆಯವರಿಗೆ ಉತ್ತರ ಕೊಡುತ್ತ, ಹದಿನೈದನೇ ಸುತ್ತಿನವರೆಗೆ ಅವನನ್ನು ಹಣಿದು ಸೋಲಿಸಿದ. ಆ ಸಂಜೆ ಅಮೆರಿಕದ ಊರೂರಲ್ಲಿ ಗಲಭೆಯೆದ್ದಿತು. ಸತ್ತವರಲ್ಲಿ ಹೆಚ್ಚಿನವರು ಕಪ್ಪು ಜನರು.

ಮಾರನೆಯ ದಿನದಿಂದಲೇ ಶುರುವಾಯಿತು: ಜೆಫ್ರೀಸ್ ತನ್ನ ಹರೆಯದಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲ. 1967ರ ಯಂತ್ರದವರೆಗೂ ನಡೆದುಬಂದ ಆಟದ ಬೇರು ಅಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಕಣ್ಣಮುಂದೆ ಸೋತವನನ್ನು ಕಲ್ಪನೆಯಲ್ಲಿ ಗೆಲ್ಲಿಸಬೇಕಿತ್ತು. ಆ ಪ್ರಶ್ನೆಗೆ ಉತ್ತರಿಸಬಲ್ಲವನು ಭೂಮಿಯ ಮೇಲೆ ಒಬ್ಬನೇ ಇದ್ದ. ಅವನು ಉತ್ತರಿಸಿದ ಕೂಡ. ನನ್ನ ಅತ್ಯುತ್ತಮ ದಿನಗಳಲ್ಲೂ ನಾನು ಜಾನ್ಸನ್‌ನನ್ನು ಸೋಲಿಸಲಾಗುತ್ತಿರಲಿಲ್ಲ, ಅವನನ್ನು ಮುಟ್ಟಲೂ ಆಗುತ್ತಿರಲಿಲ್ಲ ಎಂಬ ಅರ್ಥದ ಮಾತನ್ನು ಜೆಫ್ರೀಸ್ ಹೇಳಿದ. ರಿಂಗಿನೊಳಗೆ ಇದ್ದವನ ಸಾಕ್ಷಿ. ಆ ಸಾಕ್ಷಿಯನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜೆಫ್ರೀಸ್‌ನ ಕೈಯಲ್ಲಿ ಯಂತ್ರ ಅಲಿಯನ್ನು ಸೋಲಿಸಿದಾಗ ಅಲಿಗೆ ಯಾಕಷ್ಟು ಉರಿಯಿತು ಎಂಬುದು ಇಲ್ಲಿ ಅರ್ಥವಾಗುತ್ತದೆ. ಜಾನ್ಸನ್‌ನ ಬದುಕನ್ನು ಆಧರಿಸಿದ 'ದ ಗ್ರೇಟ್ ವೈಟ್ ಹೋಪ್' ನಾಟಕ 1968ರಲ್ಲಿ ಬ್ರಾಡ್‌ವೇಗೆ ಬಂತು. ಅದನ್ನು ನೋಡಿದ ಅಲಿ, ಇದು ನನ್ನದೇ ಕಥೆ ಎಂದ.

ಅಲಿಯ ಹರೆಯ ಅಂದೆ. ಹ್ಯೂಸ್ಟನ್‌ನಲ್ಲಿ 1966ರ ನವೆಂಬರ್ 14ರಂದು ಕ್ಲೀವ್‌ಲ್ಯಾಂಡ್ ವಿಲಿಯಮ್ಸ್‌ನನ್ನು ಮೂರನೇ ಸುತ್ತಿಗೆ ಮುಗಿಸಿದ ಅಲಿಗಿಂತ ಚೆಂದದ ಹೆವಿವೇಟ್‌ನನ್ನು ನಾನು ಚಿತ್ರದಲ್ಲಿ ಕಂಡಿಲ್ಲ. ಅವನಿಗೆ ಆಗ 24. 1967ರ ಮಾರ್ಚ್‌ನಲ್ಲಿ ಜೋರಾ ಫೋಲಿ ಜೊತೆ ಪಂದ್ಯ. ಅಲ್ಲಿಂದ 1970ರ ಅಕ್ಟೋಬರ್‌ನಲ್ಲಿ ಅಟ್ಲಾಂಟಾದಲ್ಲಿ ಜೆರ್ರಿ ಕ್ವಾರಿ ಎದುರು ಬರುವವರೆಗೆ ಖಾಲಿ. ಒಬ್ಬ ಹೆವಿವೇಟ್ ಅತ್ಯಂತ ಗಟ್ಟಿಯಾಗುವ ಮೂರೂವರೆ ವರ್ಷ. 1971ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆ ರದ್ದುಮಾಡಿತು, ಆದರೆ ಆ ವರ್ಷಗಳು ಬರಲಿಲ್ಲ. ಅವನಿಲ್ಲದ ಜಾಗದಲ್ಲಿ ಅವನ ಲೂಯಿವಿಲ್‌ನ ಬಾಲ್ಯದ ಗೆಳೆಯ ಜಿಮ್ಮಿ ಎಲ್ಲಿಸ್ 1968ರಲ್ಲಿ ಡಬ್ಲ್ಯುಬಿಎ ಪಟ್ಟ ಗೆದ್ದ. 1980ರಲ್ಲಿ ಅಲಿ ಮದ್ರಾಸಿನ ನೆಹರೂ ಸ್ಟೇಡಿಯಮ್ಮಿನಲ್ಲಿ ಪ್ರದರ್ಶನ ಪಂದ್ಯ ಆಡಿದ್ದು ಇದೇ ಎಲ್ಲಿಸ್ ಜೊತೆ. ನಮ್ಮ ಗಣಿಯಿಂದ ರೈಲು ಹತ್ತಿ ಹೋಗಿ ನೋಡಿ ಬಂದವರು, ಅವನು ನಗುತ್ತಾನೆ, ಕುಣಿಯುತ್ತಾನೆ, ಆದರೆ ಭಾರವಾಗಿದ್ದಾನೆ ಅಂದರು. ನಾನು ಕೇಳಿಸಿಕೊಂಡು ಸುಮ್ಮನಿದ್ದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೋಮ್ಸ್ ಎದುರಿನ ಪಂದ್ಯ ಬಂತು.

ಹೀಗೆ ಯೋಚಿಸುತ್ತ ಹೋದಂತೆ, ಕಾಲ ಅಗಲಿಸಿದ ಜೋಡಿಗಳ ಮೇಲಿನ ನನ್ನ ಮೋಹ ಕಡಿಮೆಯಾಗಿದೆ. ಒಂದೇ ಕಾಲದಲ್ಲಿ, ಒಂದೇ ದೇಶದಲ್ಲಿ, ಎಷ್ಟೋ ಸಲ ಒಂದೇ ಊರಿನಲ್ಲಿ ಇದ್ದೂ ಎದುರಾಗದ ಜೋಡಿಗಳಿವೆ. ಅವರ ನಡುವೆ ಕಾಲ ನಿಂತಿರಲಿಲ್ಲ, ಮನುಷ್ಯರು ಗೆರೆ ಎಳೆದಿದ್ದರು. ಡೆಂಪ್ಸಿ ಏಳು ವರ್ಷ ಚಾಂಪಿಯನ್ ಆಗಿದ್ದ ಅವಧಿಯುದ್ದಕ್ಕೂ ಹ್ಯಾರಿ ವಿಲ್ಸ್ ಎಂಬ ಕಪ್ಪು ಹೆವಿವೇಟ್ ಸವಾಲು ಹಾಕುತ್ತಲೇ ಇದ್ದ. ಕರಾರಿಗೆ ಸಹಿಯೂ ಬಿತ್ತು, ಪಂದ್ಯ ನಡೆಯಲಿಲ್ಲ. ಸ್ಯಾಮ್ ಲ್ಯಾಂಗ್‌ಫೋರ್ಡ್ ಇನ್ನೂ ದೊಡ್ಡ ನೋವು. ಫ್ಲೈಷರ್ ಅವನನ್ನು ಸಾರ್ವಕಾಲಿಕ ಏಳನೆಯ ಸ್ಥಾನದಲ್ಲಿಟ್ಟ. ಹೆವಿವೇಟ್ ಪಟ್ಟಕ್ಕೆ ಒಂದೇ ಒಂದು ಅವಕಾಶ ಅವನಿಗೆ ಸಿಗಲಿಲ್ಲ. ಇಲ್ಲಿ ಜಾನ್ಸನ್‌ನನ್ನೂ ಬಿಡುವ ಹಾಗಿಲ್ಲ: 1906ರಲ್ಲಿ ಲ್ಯಾಂಗ್‌ಫೋರ್ಡ್‌ನನ್ನು ಸೋಲಿಸಿದವನು, ಚಾಂಪಿಯನ್ ಆದಮೇಲೆ ಅವನ ಮುಖ ನೋಡಲಿಲ್ಲ. ಪಟ್ಟ ಸಿಗದ ಕಪ್ಪು ಬಾಕ್ಸರರು ತಮ್ಮತಮ್ಮಲ್ಲೇ ಮತ್ತೆ ಮತ್ತೆ ಹೊಡೆದಾಡಿದರು; ವಿಲ್ಸ್ ಮತ್ತು ಲ್ಯಾಂಗ್‌ಫೋರ್ಡ್ ಹತ್ತಕ್ಕೂ ಹೆಚ್ಚು ಸಲ. 1944ರಲ್ಲಿ ಪತ್ರಕರ್ತ ಅಲ್ ಲೇನಿ ಹುಡುಕಿಕೊಂಡು ಹೋದಾಗ ಲ್ಯಾಂಗ್‌ಫೋರ್ಡ್ ಹಾರ್ಲೆಮ್‌ನ ಒಂದು ಕೋಣೆಯಲ್ಲಿ, ಎರಡೂ ಕಣ್ಣು ಕಳಕೊಂಡು, ಕೈಯಲ್ಲಿ ಕಾಸಿಲ್ಲದೆ ಕೂತಿದ್ದ. ವೊರೋನರ್‌ನ ಹದಿನಾರರಲ್ಲಿ ಅವನಿಲ್ಲ. ವಿಲ್ಸ್ ಇಲ್ಲ. ಅವರಿಗೂ ಹಿಂದಿನ ಪೀಟರ್ ಜ್ಯಾಕ್ಸನ್ ಇಲ್ಲ. ಪಟ್ಟ ಗೆದ್ದವರನ್ನಷ್ಟೇ ತೆಗೆದುಕೊಂಡರೆ, ಪಟ್ಟದ ಬಾಗಿಲಲ್ಲಿ ತಡೆದವರನ್ನು ಎರಡನೇ ಸಲ ತಡೆದಂತಾಯಿತು.

ಯಾರಾದರೂ ನನಗೆ ಆ ಯಂತ್ರ ಕೊಟ್ಟು ಒಂದು ಪಂದ್ಯ ಹಾಕು ಅಂದರೆ ನಾನು ಅಲಿ, ಮಾರ್ಸಿಯಾನೊ ಹೆಸರು ಬರೆಯುವುದಿಲ್ಲ. ಸಲಿವನ್, ಪೀಟರ್ ಜ್ಯಾಕ್ಸನ್ ಎಂದು ಬರೆಯುತ್ತೇನೆ. ಸ್ಥಳ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ಅಥ್ಲೆಟಿಕ್ ಕ್ಲಬ್, ವರ್ಷ 1890, ಗ್ಲೌಸ್ ಹಾಕಿ, ಕ್ವೀನ್ಸ್‌ಬರಿ ನಿಯಮ. ಯಾವುದೂ ಅಸಾಧ್ಯವಾಗಿರಲಿಲ್ಲ. ಜ್ಯಾಕ್ಸನ್ ವೆಸ್ಟ್ ಇಂಡೀಸ್‌ನ ಸೇಂಟ್ ಕ್ರಾಯ್ ದ್ವೀಪದಲ್ಲಿ ಹುಟ್ಟಿ ಆಸ್ಟ್ರೇಲಿಯಾದ ಚಾಂಪಿಯನ್ ಆಗಿ ಬಂದವನು. ಸಲಿವನ್ ಕಪ್ಪು ಜನರ ಜೊತೆ ಕಾದುವುದಿಲ್ಲ ಎಂದು ಬಹಿರಂಗವಾಗಿ ಹೇಳಿ ಅವನಿಂದ ತಪ್ಪಿಸಿಕೊಂಡ.

ಈ ಪಂದ್ಯಕ್ಕೆ ತೀರ್ಪು ಕೊಡಲು ನನಗೆ ಅಂಕಿಗಳು ಬೇಕಿಲ್ಲ, ಎರಡು ನಿಜವಾದ ಪಂದ್ಯಗಳು ಸಾಕು. 1891ರ ಮೇ 21ರಂದು ಅದೇ ಕ್ಲಬ್ಬಿನಲ್ಲಿ ಜ್ಯಾಕ್ಸನ್ ಮತ್ತು ಜಿಮ್ ಕಾರ್ಬೆಟ್ (ನಮ್ಮ ಕಾಡಿನ ಕಥೆಗಳ ಕಾರ್ಬೆಟ್ ಬೇರೆ) 61 ಸುತ್ತು ಆಡಿದರು, ನಾಲ್ಕು ಗಂಟೆ. ಇಬ್ಬರೂ ಕೈ ಎತ್ತಲಾಗದೆ ನಿಂತಾಗ ರೆಫರಿ ಪಂದ್ಯವನ್ನೇ ರದ್ದುಮಾಡಿದ. ಮುಂದಿನ ವರ್ಷ ಸೆಪ್ಟೆಂಬರ್ 7ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಅದೇ ಕಾರ್ಬೆಟ್ ಸಲಿವನ್‌ನನ್ನು 21 ಸುತ್ತಿನಲ್ಲಿ ಮುಗಿಸಿದ. ಕಿಲ್ರೇನ್ ಪಂದ್ಯದ ನಂತರ ಸಲಿವನ್ ಪಟ್ಟಕ್ಕಾಗಿ ಒಮ್ಮೆಯೂ ಆಡದೆ ನಾಟಕ ಕಂಪನಿಯ ಜೊತೆ ಊರೂರು ತಿರುಗಿ, ಕುಡಿದು, ದಪ್ಪಗಾಗಿದ್ದ. ಜ್ಯಾಕ್ಸನ್‌ನ ಎಡಗೈ ಉದ್ದ, ನೇರ. ಸಲಿವನ್ ನುಗ್ಗಿ ಬೀಸುವ ಬಲಗೈಗೆ ಅದು ದಾರಿ ಬಿಡುತ್ತಿರಲಿಲ್ಲ. ಮೊದಲ ಆರು ಸುತ್ತು ಅಪಾಯ, ಸಲಿವನ್‌ನ ಏಟು ಎಂಥವನನ್ನೂ ಮಲಗಿಸಬಲ್ಲದು. ಹತ್ತರ ಮೇಲೆ ಅವನ ಉಸಿರು ಸಾಲುವುದಿಲ್ಲ. ನನ್ನ ಹಾಳೆಯಲ್ಲಿ ಹದಿನೆಂಟನೇ ಸುತ್ತಿಗೆ ಜ್ಯಾಕ್ಸನ್ ಗೆಲ್ಲುತ್ತಾನೆ. ಹೆವಿವೇಟ್ ಪಟ್ಟ ಜಾನ್ಸನ್‌ಗಿಂತ ಹದಿನೆಂಟು ವರ್ಷ ಮೊದಲೇ ಕಪ್ಪು ಮನುಷ್ಯನೊಬ್ಬನ ಕೈಗೆ ಬರುತ್ತದೆ, ಮತ್ತು ರೀನೊದಲ್ಲಿ ಜೆಫ್ರೀಸ್ ಯಾರ ಪರವಾಗಿ ಹೊಲ ಬಿಟ್ಟು ಬರಬೇಕು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ.